ಯಾರೂ ನೋಡದ ಊರಿನಲ್ಲಿ

ವಿದೇಶಕ್ಕೆ ಓದಲು ಹೊರಟ ಮಕ್ಕಳಿಗಾಗಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತದೆ. ಒಂದು ಪೆಟ್ಟಿಗೆಯದು. ಸಾರಿನ ಪುಡಿ, ಉಪ್ಪಿನಕಾಯಿ, ಸಣ್ಣದೊಂದು ಕುಕ್ಕರ್, ಉಣ್ಣೆಯ ಬಟ್ಟೆ ಎಲ್ಲವನ್ನೂ ತುಂಬಿ, ತೂಗಿ ನೋಡಿ, ಹೆಚ್ಚಾದದ್ದನ್ನು ಹೊರತೆಗೆಯುವುದು. ಇನ್ನೊಂದು ಉಪದೇಶದ್ದು. ನಮ್ಮತನ ಬಿಡಬೇಡ, ಕೆಟ್ಟವರ ಸಹವಾಸ ಬೇಡ, ಹೊತ್ತಿಗೆ ಸರಿಯಾಗಿ ನಮಾಝ್ ಮಾಡು, ಅಥವಾ ಮಾಂಸ ಮುಟ್ಟಬೇಡ, ಹೀಗೆ ಅವರವರ ಮನೆಗೆ ತಕ್ಕಂತೆ. ಪೆಟ್ಟಿಗೆಗಾದರೆ ವಿಮಾನ ಕಂಪೆನಿಯವರು ಮಿತಿ ಹಾಕಿರುತ್ತಾರೆ. ಉಪದೇಶಕ್ಕೆ ಅದೂ ಇಲ್ಲ.

ಈ ಉಪದೇಶದ ಹಿಂದಿರುವುದು ಮಗ ಅಥವಾ ಮಗಳು ಬದಲಾಗಿಬಿಟ್ಟಾರು ಎಂಬ ಭಯ. ಭಯ ಸಹಜವೇ. ಆದರೆ ಭಯಪಡಬೇಕಾದದ್ದು ಬದಲಾವಣೆಗೋ ಅಥವಾ ಬೇರೆ ಯಾವುದಕ್ಕೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಹೊಸ ದೇಶದಲ್ಲಿ ಮೊದಲ ಕೆಲವು ತಿಂಗಳು ಧರ್ಮ, ಸಂಸ್ಕೃತಿಗಳ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಜರ್ಮನಿಗೆ ಹೋಗುವ ಹೆಚ್ಚಿನ ವಿದ್ಯಾರ್ಥಿಗಳು ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ಅದರಲ್ಲಿ ತಿಂಗಳಿಗೆ ಕೈಗೆ ಸಿಗುವುದು 992 ಯೂರೋ. ಬಾಡಿಗೆ, ಆರೋಗ್ಯ ವಿಮೆ ಕಳೆದು ಉಳಿದದ್ದರಲ್ಲಿ ಊಟ. ಕೋಣೆ ಸಿಗಬೇಕು, ಸಿಕ್ಕಿದ ಮೇಲೆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕು, ಯಾವ ಕಸ ಯಾವ ಡಬ್ಬಿಗೆ ಎಂದು ಕಲಿಯಬೇಕು. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರ್‌ಗೆ ಒಗ್ಗಿಕೊಳ್ಳಬೇಕು.

ಇಷ್ಟೆಲ್ಲ ಒಂದು ಹದಕ್ಕೆ ಬಂದ ಮೇಲೆ ಒಂದು ದಿನ ಅವನಿಗೆ ತಟ್ಟನೆ ಹೊಳೆಯುತ್ತದೆ: ಇಲ್ಲಿ ನನ್ನನ್ನು ಯಾರೂ ನೋಡುತ್ತಿಲ್ಲ. ಊರಲ್ಲಾದರೆ ಮಸೀದಿಗೆ ಹೋಗದಿದ್ದರೆ ಕೇಳುವವರಿದ್ದರು, ಯಾವ ಹೋಟೆಲಿನಿಂದ ಹೊರಬಂದೆ ಎಂದು ಮನೆಗೆ ಸುದ್ದಿ ಮುಟ್ಟಿಸುವವರಿದ್ದರು. ಇಲ್ಲಿ ತಿಂದರೂ ಕುಡಿದರೂ ಪಕ್ಕದ ಕೋಣೆಯವನಿಗೂ ಆಸಕ್ತಿಯಿಲ್ಲ. ಇಷ್ಟು ವರ್ಷ ನಾನು ಪಾಲಿಸುತ್ತಾ ಬಂದದ್ದು ನನ್ನ ನಂಬಿಕೆಯನ್ನೋ, ನೋಡುವವರ ಕಣ್ಣನ್ನೋ ಎಂಬ ಪ್ರಶ್ನೆ ಅವನ ಮುಂದೆ ಪ್ರಾಯಶಃ ಮೊದಲ ಬಾರಿಗೆ ಬಂದು ನಿಲ್ಲುತ್ತದೆ. ಪ್ರಶ್ನೆ ತಿಂಡಿತೀರ್ಥಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶೀ ವಿದ್ಯಾರ್ಥಿ, ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಲೆಕ್ಕಕ್ಕೆ ಸೇರಿಸದೆ ನಗದು ಕೊಡುತ್ತೇನೆ, ಇನ್ನೂ ಹತ್ತು ಗಂಟೆ ಕೆಲಸ ಮಾಡು ಎನ್ನುವ ಅಂಗಡಿಯವನು ಸಿಕ್ಕಿದಾಗಲೂ ಎದುರಾಗುವುದು ಇದೇ ಪ್ರಶ್ನೆ. ವಿಚಿತ್ರವೆಂದರೆ, ಆಹಾರದ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಅನೇಕರಿಗೆ ಇದು ಪ್ರಶ್ನೆಯೆಂದೇ ಅನಿಸುವುದಿಲ್ಲ.

1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಲಂಡನ್ನಿಗೆ ಹಡಗು ಹತ್ತಿದ ಮೋಹನದಾಸ ಗಾಂಧಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲವೆಂದು ಜೈನ ಸಾಧುವೊಬ್ಬರ ಎದುರು ಪ್ರತಿಜ್ಞೆ ಮಾಡಿಸಿಯೇ ತಾಯಿ ಅವರನ್ನು ಕಳುಹಿಸಿದ್ದರು. ಸಮುದ್ರ ದಾಟಲು ಹೊರಟದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದ್ದರು. ಲಂಡನ್ನಿನಲ್ಲಿ ಅವರು ಹತ್ತೊಂಬತ್ತು ಶಿಲ್ಲಿಂಗಿನ ಎತ್ತರದ ಟೋಪಿ ಕೊಂಡರು, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಕೊಟ್ಟು ಸೂಟು ಹೊಲಿಸಿದರು, ನೃತ್ಯ ಮತ್ತು ಪಿಟೀಲಿನ ಪಾಠಕ್ಕೆ ಸೇರಿದರು. ಸುಮಾರು ಮೂರು ತಿಂಗಳಲ್ಲಿ ಈ ಹುಚ್ಚು ಇಳಿಯಿತು. ಈ ಕಥೆ ನಮಗೆಲ್ಲ ಗೊತ್ತಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಲಂಡನ್ನಿಗೆ ಬಂದ ಹೊಸತರಲ್ಲಿ ಗಾಂಧಿ ಮಾಂಸ ತಿನ್ನದೇ ಇದ್ದದ್ದು ಕೇವಲ ಪ್ರತಿಜ್ಞೆಯ ಕಾರಣಕ್ಕೆ. ಭಾರತೀಯರೆಲ್ಲ ಮಾಂಸ ತಿನ್ನುವಂತಾಗಬೇಕು ಎಂದೇ ಆಗ ಅವರ ಮನಸ್ಸಿನಲ್ಲಿತ್ತು. ಫ್ಯಾರಿಂಗ್ಡನ್ ಸ್ಟ್ರೀಟಿನ ಸಸ್ಯಾಹಾರಿ ಹೋಟೆಲಿನಲ್ಲಿ ಹೆನ್ರಿ ಸಾಲ್ಟ್ ಬರೆದ ಪುಸ್ತಕವೊಂದನ್ನು ಕೊಂಡು ಓದಿದ ಮೇಲೆಯೇ ಸಸ್ಯಾಹಾರ ಅವರ ಸ್ವಂತದ ಆಯ್ಕೆಯಾದದ್ದು. ತಾಯಿ ಕೊಟ್ಟದ್ದನ್ನು ಒಬ್ಬ ಇಂಗ್ಲಿಷಿನವನ ಬರಹದಿಂದ ಅವರು ತನ್ನದಾಗಿಸಿಕೊಂಡರು. ಊರಲ್ಲೇ ಇದ್ದಿದ್ದರೆ ಅದು ಆಗುತ್ತಿತ್ತೇ ಎಂದು ನನಗೆ ಸಂಶಯವಿದೆ.

ಅದೇ ಗಾಂಧಿ ಲಂಡನ್ನಿನಲ್ಲಿ ತಾನು ಅವಿವಾಹಿತ ಎಂಬಂತೆಯೂ ನಡೆದುಕೊಂಡರು. ಮನೆಯಲ್ಲಿ ಹೆಂಡತಿ, ಮಗು ಇದ್ದರು. ಆ ಕಾಲದ ಭಾರತೀಯ ವಿದ್ಯಾರ್ಥಿಗಳಲ್ಲಿ ಹೀಗೆ ಮದುವೆಯನ್ನು ಬಚ್ಚಿಡುವುದು ವಾಡಿಕೆಯಾಗಿತ್ತಂತೆ. ಕೊನೆಗೆ, ತನ್ನನ್ನು ಪ್ರೀತಿಯಿಂದ ಕಾಣುತ್ತಿದ್ದ ಓರ್ವ ವೃದ್ಧ ಮಹಿಳೆಗೆ ಪತ್ರ ಬರೆದು ನಿಜ ಹೇಳಿದರು. ಟೋಪಿ, ಪಿಟೀಲುಗಳಿಗಿಂತ ಈ ಸುಳ್ಳೇ ಗಂಭೀರವಾದದ್ದು ಎಂದು ನನಗನಿಸುತ್ತದೆ. ವೇಷ ಬದಲಾದರೆ ಮನುಷ್ಯ ಎರಡಾಗುವುದಿಲ್ಲ. ಇಲ್ಲಿಗೊಂದು, ಅಲ್ಲಿಗೊಂದು ಎಂದು ಬದುಕು ತೊಡಗಿದಾಗ ಆಗುತ್ತಾನೆ.

ಇಂದಿನ ವಿದ್ಯಾರ್ಥಿಗೆ ಪತ್ರ ಬರೆಯುವ ಕಷ್ಟವಿಲ್ಲ. ದಿನಕ್ಕೊಮ್ಮೆ ಮನೆಯವರ ಮುಖವನ್ನೇ ನೋಡಬಹುದು. ಆದರೆ ಕೆಮರಾ ಎಲ್ಲಿ ತಿರುಗಬೇಕೆಂದು ನಿರ್ಧರಿಸುವವನು ಅವನೇ. "ಊಟ ಆಯ್ತಾ ಮಗಾ?" "ಆಯ್ತಮ್ಮಾ." ತಿಂದದ್ದು ಎರಡು ತುಂಡು ಬ್ರೆಡ್ ಆಗಿರಬಹುದು. ಇದನ್ನು ಸುಳ್ಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕೂತ ತಾಯಿ ಅದಕ್ಕೇನು ಮಾಡಲು ಸಾಧ್ಯ? ನಿದ್ದೆಗೆಡುವುದಷ್ಟೇ. ಆದರೆ ಒಂದು ಸೆಮಿಸ್ಟರ್ ನಪಾಸಾದ ಹುಡುಗ "ಓದು ಚೆನ್ನಾಗಿ ನಡೀತಿದೆ" ಎಂದಾಗ ವಿಷಯ ಬೇರೆ. ಅವನ ಓದಿಗಾಗಿ ಮನೆಯನ್ನೋ ಜಮೀನನ್ನೋ ಬ್ಯಾಂಕಿಗೆ ಅಡವಿಟ್ಟ ತಂದೆ, ಆ ಮಾತನ್ನು ನಂಬಿ ಮುಂದಿನ ಕಂತಿಗೆ ಹಣ ಹೊಂದಿಸುತ್ತಾರೆ. ತಂಗಿಯ ಕಾಲೇಜನ್ನು ಮುಂದೂಡುತ್ತಾರೆ. ಮೊದಲ ಸುಳ್ಳು ತಾಯಿಯ ಚಿಂತೆಯನ್ನು ಮಾತ್ರ ತಡೆಯಿತು. ಎರಡನೆಯದು ತಂದೆಯ ಕೈಯಿಂದ ತೀರ್ಮಾನದ ಹಕ್ಕನ್ನೇ ಕಿತ್ತುಕೊಂಡಿತು. ಪ್ರೀತಿಯಿಂದ ಹೇಳಿದ್ದು ಎಂಬ ಕಾರಣಕ್ಕೆ ಎರಡೂ ಒಂದೇ ಆಗುವುದಿಲ್ಲ.

ಹಾಗೆಂದು ತಪ್ಪನ್ನೆಲ್ಲ ಹುಡುಗನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅವನು ಹೊರಟ ದಿನವೇ ನಾವು ಅರ್ಧ ಊರಿಗೆ ಸುದ್ದಿ ಹೇಳಿರುತ್ತೇವೆ. ಸೋತು ಬಂದರೆ ಮುಖ ತೋರಿಸುವುದು ಹೇಗೆ ಎಂದು ಅವನ ಕಿವಿಗೆ ಬೀಳುವಂತೆಯೇ ಮಾತನಾಡಿರುತ್ತೇವೆ. ನಿಜ ಹೇಳಲು ಧೈರ್ಯ ಬೇಕು ಸರಿ, ಕೇಳಿಸಿಕೊಳ್ಳಲು ಒಂದು ಮನೆಯೂ ಬೇಕಲ್ಲವೇ? ಮನೆಯವರೂ ಏನೂ ಕಡಿಮೆಯಿಲ್ಲ. ಅಜ್ಜ ಆಸ್ಪತ್ರೆಯಲ್ಲಿದ್ದಾರೆ, ಪರೀಕ್ಷೆ ಮುಗಿಯುವವರೆಗೆ ಅವನಿಗೆ ಹೇಳಬೇಡಿ ಎನ್ನುವ ಮಾತು ನಮ್ಮಲ್ಲಿ ಮಾಮೂಲು. ಗಾಂಧಿಯ ತಾಯಿ ತೀರಿಕೊಂಡದ್ದು ಅವರು ಲಂಡನ್ನಿನಲ್ಲಿದ್ದಾಗ. ಪರದೇಶದಲ್ಲಿ ಆಘಾತವಾಗಬಾರದೆಂದು ಅಣ್ಣ ಅದನ್ನು ಮುಚ್ಚಿಟ್ಟಿದ್ದರು. 1891ರಲ್ಲಿ ಬ್ಯಾರಿಸ್ಟರ್ ಆಗಿ, ಪ್ರತಿಜ್ಞೆಯನ್ನು ಉಳಿಸಿಕೊಂಡು ತಾಯಿಯನ್ನು ಕಾಣಲು ಹಾತೊರೆದು ಮರಳಿದ ಮಗನಿಗೆ ಆಗಲೇ ಸುದ್ದಿ ತಿಳಿದದ್ದು. ಅಣ್ಣ ಮಾಡಿದ್ದು ಕರುಣೆಯಿಂದ, ಅದರಲ್ಲಿ ಅನುಮಾನವಿಲ್ಲ. ಆದರೆ ಸತ್ತ ದಿನದಂದು ಅಳುವ ಹಕ್ಕು ಮಗನದಾಗಿತ್ತು. ಈ ವಿಷಯದಲ್ಲಿ ನಾನು ಅಣ್ಣನ ಪಕ್ಷದಲ್ಲಿಲ್ಲ.

"ನಿನ್ನ ಮೂಲ ಮರೆಯಬೇಡ" ಎಂಬ ಮಾತಿಗೆ ಮತ್ತೆ ಬರೋಣ. ಕೇಳಲು ಚೆನ್ನಾಗಿರುವ ಈ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಗ್ರಂಥಾಲಯದಿಂದ ಒಬ್ಬಳೇ ನಡೆದು ಕೋಣೆ ಸೇರುವ ಹುಡುಗಿ, ಊರಲ್ಲಿ ತನಗಿದ್ದ ಭಯವನ್ನು ಮರೆತರೆ ನಾವೇಕೆ ದುಃಖಿಸಬೇಕು? ದೂರ ಹೋದವರಿಗೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುವುದೂ ಉಂಟು. ಯು.ಆರ್. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಅಗ್ರಹಾರವನ್ನು ಅಷ್ಟು ನಿಷ್ಠುರವಾಗಿ ನೋಡಲು ಆ ದೂರವೂ ನೆರವಾಗಿರಬೇಕು.

ಇನ್ನು ಕೆಲವರಿಗೆ ಮೂಲವೆಂದರೆ ಕೇವಲ ಗಾಯ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಭೀಮರಾವ್ ಅಂಬೇಡ್ಕರ್ ಅಲ್ಲಿ ಪಾರ್ಸಿ ಗೆಳೆಯನೊಂದಿಗೆ ಕೋಣೆ ಹಂಚಿಕೊಂಡರು, ಎಲ್ಲರೊಡನೆ ಒಂದೇ ಮೇಜಿನಲ್ಲಿ ಉಂಡರು, ಜಾನ್ ಡ್ಯೂಯಿ ಅವರಂಥ ಗುರುಗಳ ಪಾಠ ಕೇಳಿದರು. 1916ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದರು. ಈ ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬ ಅರಿವೇ ಮನಸ್ಸಿನಿಂದ ಪೂರ್ತಿ ಅಳಿಸಿಹೋಗಿತ್ತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಅವರಿಗೆ ಯಾರಾದರೂ ಮೂಲ ಮರೆಯಬೇಡ ಎಂದು ಬುದ್ಧಿ ಹೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಮರೆಯಬೇಕಾದ್ದನ್ನು ಊರು ಮರೆತಿರಲಿಲ್ಲ. 1917ರಲ್ಲಿ ವೇತನದ ಅವಧಿ ಮುಗಿದು, ಕರಾರಿನಂತೆ ಬರೋಡದ ಸೇವೆಗೆ ಬಂದ ಅಂಬೇಡ್ಕರರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ನ್ಯೂಯಾರ್ಕಿನಲ್ಲಿ ಹೇಳಬೇಕಾಗಿ ಬಾರದ ಸುಳ್ಳನ್ನು ಸ್ವಂತ ನಾಡಿನಲ್ಲಿ ಹೇಳಬೇಕಾಯಿತು. ಕೆಲವೇ ದಿನಗಳಲ್ಲಿ ಕೋಲು ಹಿಡಿದ ಗುಂಪೊಂದು ಬಾಗಿಲಿಗೆ ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡುವಂತೆ ಹೇಳಿತು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರು ಗೆಳೆಯರನ್ನು ಕೇಳಿ ನೋಡಿದರು. ಇಬ್ಬರ ಮನೆಯಲ್ಲೂ ಜಾಗವಾಗಲಿಲ್ಲ. ಮುಂಬೈಗೆ ರೈಲು ಇದ್ದದ್ದು ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತನ್ನು ಅವರು ಊರಿನ ಸಾರ್ವಜನಿಕ ತೋಟ ಕಮಾಠಿ ಬಾಗಿನಲ್ಲಿ ಕೂತು ಕಳೆದರು.