ಚಪ್ಪಾಳೆಯಿಂದ ಅಳೆಯುವ ದೇಶಪ್ರೇಮ

1996ರ ಮಾರ್ಚ್ 9ರ ರಾತ್ರಿ ನಮ್ಮಲ್ಲಿ ಅನೇಕರಿಗೆ ಇಂದಿಗೂ ನೆನಪಿದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಭಾರತಕ್ಕೆ ಪಾಕಿಸ್ತಾನ ಎದುರಾಳಿ. ಪೇಟೆಯ ಟಿ.ವಿ. ರಿಪೇರಿ ಅಂಗಡಿಯ ಮುಂದೆ ನೆರೆದ ಗುಂಪಿನಲ್ಲಿ ನಾವು ನಾಲ್ಕೈದು ಗೆಳೆಯರು ನಿಂತಿದ್ದೆವು. ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಬ್ಯಾಟು ಚಾಚಿ ನಮ್ಮ ವೆಂಕಟೇಶ್ ಪ್ರಸಾದ್‌ರನ್ನು ಕೆಣಕಿದರು. ಮರು ಚೆಂಡಿಗೇ ಸೊಹೈಲ್ ಬೌಲ್ಡ್! ಎಲ್ಲರೊಂದಿಗೆ ಸೇರಿ ಕುಣಿದೆವು, ಅಪರಿಚಿತರನ್ನು ಅಪ್ಪಿಕೊಂಡೆವು. 39 ರನ್‌ಗಳಿಂದ ಭಾರತ ಗೆದ್ದ ಮೇಲೆ, ನಮ್ಮನ್ನೆಲ್ಲ ಚಿಕ್ಕಂದಿನಿಂದ ಬಲ್ಲ ನೆರೆಯ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು ಮೆಚ್ಚುಗೆಯಿಂದಲೇ ಹೇಳಿದರು: “ಪರವಾಗಿಲ್ಲ ಕಣ್ರಪ್ಪಾ, ನೀವೂ ಖುಷಿಪಟ್ಟಿರಲ್ಲ!”

ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಆ ರಾತ್ರಿ ಮನೆಗೆ ನಡೆಯುವಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ‘ನೀವು’ ಎಂಬ ಪದದ ಕೊನೆಗೆ ಬಂದು ಕುಳಿತ ಆ ಒಂದು ದೀರ್ಘ ಸ್ವರ ನಮಗೆ ಚುಚ್ಚಿತ್ತು. ನಾವು ಆಟ ನೋಡುತ್ತಿದ್ದೇವೆ ಎಂದುಕೊಂಡಿದ್ದೆವು. ನಮ್ಮನ್ನೂ ಯಾರೋ ನೋಡುತ್ತಿದ್ದರು.

ರಾಷ್ಟ್ರೀಯ ತಂಡವನ್ನು ಬೆಂಬಲಿಸುವುದು ಪ್ರಜೆಯ ಕರ್ತವ್ಯವೇ? ಬೆಂಬಲಿಸದವನು ದೇಶದ್ರೋಹಿಯೇ? ಪ್ರಶ್ನೆ ಸರಳವಾಗಿ ಕಂಡರೂ ಇದರ ಬೇರು ಆಳದಲ್ಲಿದೆ. ಪ್ರೀತಿಯನ್ನು ಪರೀಕ್ಷೆಗೆ ಒಡ್ಡಬಹುದೇ ಎಂಬುದೇ ಇಲ್ಲಿರುವ ನಿಜವಾದ ನೈತಿಕ ಪ್ರಶ್ನೆ.

ಈ ಪರೀಕ್ಷೆಗೆ ಹೆಸರು ಕೊಟ್ಟವರು ಬ್ರಿಟನ್ನಿನ ಕನ್ಸರ್ವೇಟಿವ್ ರಾಜಕಾರಣಿ ನಾರ್ಮನ್ ಟೆಬಿಟ್. 1990ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲಿ ಅವರು ಬ್ರಿಟನ್ನಿನಲ್ಲಿ ನೆಲೆಸಿರುವ ಏಷ್ಯಾ ಮೂಲದವರ ನಿಷ್ಠೆಯನ್ನು ಅಳೆಯಲು ‘ಕ್ರಿಕೆಟ್ ಪರೀಕ್ಷೆ’ಯನ್ನು ಮುಂದಿಟ್ಟರು. ಇವರು ಯಾವ ತಂಡಕ್ಕೆ ಜೈಕಾರ ಹಾಕುತ್ತಾರೆ ನೋಡಿ, ಇವರಲ್ಲಿ ಬಹುಪಾಲು ಮಂದಿ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಅಂದು ಅವರ ಬೆರಳು ತೋರಿದ್ದು ಪಾಕಿಸ್ತಾನ, ವೆಸ್ಟ್ ಇಂಡೀಸ್ ಮೂಲದವರತ್ತ ಮಾತ್ರವಲ್ಲ, ಭಾರತೀಯ ಮೂಲದವರತ್ತಲೂ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ಟೆಬಿಟ್ಟರ ಅಳತೆಗೋಲನ್ನು ನಾವು ಒಪ್ಪುವುದಾದರೆ ಮೊದಲು ಅನುತ್ತೀರ್ಣರಾಗುವವರು ನಮ್ಮವರೇ. 2022ರ ಅಕ್ಟೋಬರ್ 23ರಂದು ಮೆಲ್ಬರ್ನ್ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ಪಂದ್ಯ ನೋಡಲು 90 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಬಹಳ ಮಂದಿ ಆಸ್ಟ್ರೇಲಿಯಾದಲ್ಲಿ ದುಡಿದು, ಅಲ್ಲಿಯೇ ನೆಲೆ ಕಂಡುಕೊಂಡವರು. ಆಸ್ಟ್ರೇಲಿಯಾದ ವಿರುದ್ಧವೇ ಭಾರತ ಆಡುವಾಗಲೂ ಅವರು ತ್ರಿವರ್ಣ ಧ್ವಜ ಹಿಡಿದು ಬರುತ್ತಾರೆ. ಕನ್ನಡ ಸಂಘಗಳ ಮಂದಿಯೂ ಅವರಲ್ಲಿದ್ದಾರೆ. ಆ ದೃಶ್ಯ ಟಿ.ವಿ.ಯಲ್ಲಿ ಬಂದಾಗ ನಾವು ಹೆಮ್ಮೆಪಡುತ್ತೇವೆ, ಬೇರನ್ನು ಮರೆಯದ ಮಕ್ಕಳು ಎಂದು ಹೊಗಳುತ್ತೇವೆ. ಅವರು ಆಸ್ಟ್ರೇಲಿಯಾಕ್ಕೆ ದ್ರೋಹ ಬಗೆದರೆಂದು ನಮಗನಿಸುವುದಿಲ್ಲ. ಅನಿಸಬೇಕಾಗಿಯೂ ಇಲ್ಲ. ಅವರು ಅಲ್ಲಿ ತೆರಿಗೆ ಕಟ್ಟುತ್ತಾರೆ, ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡುತ್ತಾರೆ, ಕಾನೂನು ಪಾಲಿಸುತ್ತಾರೆ. ಹಾಗಾದರೆ ಅಲ್ಲಿಗೆ ಸಲ್ಲದ ಅಳತೆಗೋಲು ಇಲ್ಲಿಗೆ ಹೇಗೆ ಸಂದೀತು?

ಇನ್ನೊಂದು ಉದಾಹರಣೆ ನಮ್ಮ ರಾಜಧಾನಿಯದ್ದೇ. 2015ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ ಟೆಸ್ಟ್ ಪಂದ್ಯ. ಎ.ಬಿ. ಡಿವಿಲಿಯರ್ಸ್‌ಗೆ ಅದು ನೂರನೆಯ ಟೆಸ್ಟ್. ಎದುರಾಳಿ ತಂಡದ ಆ ಆಟಗಾರ ಕ್ರೀಸಿಗೆ ಬಂದಾಗ ಇಡೀ ಕ್ರೀಡಾಂಗಣ ‘ಎಬಿಡಿ, ಎಬಿಡಿ’ ಎಂದು ಕೂಗಿತು. ಅವರು 85 ರನ್ ಗಳಿಸುವವರೆಗೂ ಆ ಕೂಗು ನಿಲ್ಲಲಿಲ್ಲ. ಐಪಿಎಲ್‌ನಲ್ಲಿ ಬೆಂಗಳೂರಿಗಾಗಿ ಆಡಿದವನ ಮೇಲಿನ ಅಕ್ಕರೆ ಅದು. ಅಂದು ಯಾವ ಪ್ರೇಕ್ಷಕನ ಮೇಲೂ ಮೊಕದ್ದಮೆ ಹೂಡಲಿಲ್ಲ, ಯಾವ ಟಿ.ವಿ. ಚರ್ಚೆಯೂ ನಡೆಯಲಿಲ್ಲ. ಅದೇ ಸರಿಯಾದ ರೀತಿ. ಎದುರಾಳಿಗೆ ಚಪ್ಪಾಳೆ ತಟ್ಟುವುದು ಕ್ರೀಡಾಭಿಮಾನವೋ ದ್ರೋಹವೋ ಎಂಬುದನ್ನು ಚಪ್ಪಾಳೆ ತಟ್ಟಿದವನ ಹೆಸರು ತೀರ್ಮಾನಿಸುವುದಾದರೆ, ಅಲ್ಲಿ ಅಳೆಯುತ್ತಿರುವುದು ದೇಶಪ್ರೇಮವನ್ನಲ್ಲ, ಹೆಸರನ್ನು.

ಹೀಗೆಂದ ಮಾತ್ರಕ್ಕೆ ತಂಡದ ಮೇಲಿನ ಅಭಿಮಾನವನ್ನು ಹುಚ್ಚೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾವಿಲ್ಲ. ಭಾಷೆ, ಜಾತಿ, ಧರ್ಮಗಳಲ್ಲಿ ಹಂಚಿಹೋದ ಇಷ್ಟು ದೊಡ್ಡ ನಾಡಿನ ಜನ ಒಂದೇ ಕ್ಷಣದಲ್ಲಿ ಉಸಿರು ಬಿಗಿಹಿಡಿಯುವ ಸಂದರ್ಭಗಳು ಎಷ್ಟಿವೆ? 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್‌ಗಳಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್‌ದೇವ್ ಅಜೇಯ 175 ರನ್ ಗಳಿಸಿದ್ದು ಎಲ್ಲರಿಗೂ ಗೊತ್ತು. ಮತ್ತೊಂದು ತುದಿಯಲ್ಲಿ 24 ರನ್‌ಗಳೊಂದಿಗೆ ಅಲುಗದೆ ನಿಂತು, ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಕೂಡಿಸಿದವರು ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿ. ಒಬ್ಬರು ಹೊಡೆಯುವಾಗ ಇನ್ನೊಬ್ಬರು ನಿಂತಿರಬೇಕು; ತಂಡವೆಂದರೆ ಅದು, ದೇಶವೆಂದರೂ ಬಹುಶಃ ಅದೇ. ಇಂತಹ ಸಂತೋಷವನ್ನು ಹಂಚಿಕೊಳ್ಳದವನು ಏನನ್ನೋ ಕಳೆದುಕೊಳ್ಳುತ್ತಾನೆ ಎಂದು ನಾವೂ ನಂಬುತ್ತೇವೆ. ಆದರೆ ಕಳೆದುಕೊಳ್ಳುವುದು ಬೇರೆ, ಅಪರಾಧ ಮಾಡುವುದು ಬೇರೆ.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ವಾಸಿಂ ಅಕ್ರಮರ ಬೌಲಿಂಗ್‌ಗೆ ಮಾರುಹೋಗುವುದು ಒಂದು, ಧರ್ಮ ಒಂದೇ ಎಂಬ ಕಾರಣಕ್ಕೆ ಒಂದು ದೇಶದ ತಂಡವನ್ನು ನಮ್ಮದೆಂದುಕೊಳ್ಳುವುದು ಇನ್ನೊಂದು. ಎರಡನೆಯದು ತಪ್ಪು ತಿಳುವಳಿಕೆ. ಹನ್ನೊಂದು ಮಂದಿ ವೃತ್ತಿಪರ ಆಟಗಾರರು ಒಂದು ಧರ್ಮದ ಪ್ರತಿನಿಧಿಗಳಲ್ಲ. ಅವರ ಗೆಲುವಿನಲ್ಲಿ ಧರ್ಮದ ಗೆಲುವನ್ನು ಕಾಣುವವರು, ನಮ್ಮನ್ನು ಅನುಮಾನದಿಂದ ನೋಡುವವರ ತರ್ಕವನ್ನೇ ಬೇರೆ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ಹಿಂದೆ ಮುಂಬಯಿಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂಬ ತಂಡಗಳ ನಡುವೆ ಪಂದ್ಯಾವಳಿ ನಡೆಯುತ್ತಿತ್ತು. 1940ರಲ್ಲಿ ಗಾಂಧೀಜಿ ಅದನ್ನು ವಿರೋಧಿಸಿದರು. 1946ರ ವೇಳೆಗೆ ಅದು ಕೊನೆಗೊಂಡಿತು. ಮೈದಾನದಲ್ಲಿ ಕೊನೆಗೊಂಡದ್ದನ್ನು ಮನಸ್ಸಿನಲ್ಲಿ ಮುಂದುವರಿಸುವುದು ಯಾರಿಗೂ ಶೋಭೆಯಲ್ಲ.

ಇನ್ನು, ಜೈಕಾರ ಎಂಬುದು ದೇಶಪ್ರೇಮಕ್ಕೆ ಎಷ್ಟರ ಮಟ್ಟಿನ ಪುರಾವೆ? ಬೆಂಗಳೂರಿನ ಆ ಗೆಲುವಿನ ನಾಲ್ಕು ದಿನಗಳ ಬಳಿಕ ಕೊಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ವಿರುದ್ಧ ಸೆಮಿಫೈನಲ್ ನಡೆಯಿತು. ಭಾರತ 8 ವಿಕೆಟ್‌ಗೆ 120 ರನ್‌ಗಳಾದಾಗ ಪ್ರೇಕ್ಷಕರು ಬಾಟಲಿ ತೂರಿ, ಆಸನಗಳಿಗೆ ಬೆಂಕಿ ಹಚ್ಚಿದರು. ಪಂದ್ಯ ನಿಂತಿತು, ಗೆಲುವನ್ನು ಶ್ರೀಲಂಕಾಕ್ಕೆ ಕೊಡಲಾಯಿತು, ವಿನೋದ್ ಕಾಂಬ್ಳಿ ಕಣ್ಣೀರಿಡುತ್ತ ಹೊರನಡೆದರು. ಬೆಂಕಿ ಹಚ್ಚಿದವರು ‘ನಮ್ಮ’ ತಂಡದ ಅಭಿಮಾನಿಗಳೇ. 2023ರ ಮೇ 28ರಂದು ದೆಹಲಿಯಲ್ಲಿ ನ್ಯಾಯ ಕೇಳಿದ ಮಹಿಳಾ ಕುಸ್ತಿಪಟುಗಳನ್ನು ಪೊಲೀಸರು ಬೀದಿಯಲ್ಲಿ ಎಳೆದಾಡಿದರು. ಒಲಿಂಪಿಕ್ಸ್‌ನಲ್ಲಿ ದೇಶಕ್ಕಾಗಿ ಪದಕ ತಂದ ಸಾಕ್ಷಿ ಮಲಿಕ್ ಅವರಲ್ಲೊಬ್ಬರು. ರಾಷ್ಟ್ರೀಯ ಜೆರ್ಸಿಯ ಮೇಲಿನ ಭಕ್ತಿ ಅಂದು ಎಷ್ಟು ಮನೆಗಳಲ್ಲಿ ಎಚ್ಚರವಾಗಿತ್ತು? ಗೆದ್ದಾಗ ಕೂಗುವುದಕ್ಕೆ ಖರ್ಚಿಲ್ಲ. ಲಂಚ ಕೊಡದೆ ಕೆಲಸ ಮಾಡಿಸಿಕೊಳ್ಳುವುದು, ಕೆರೆಯನ್ನು ಒತ್ತುವರಿ ಮಾಡದಿರುವುದು, ನೆರೆಮನೆಯವನ ಮೇಲೆ ಗುಂಪು ಬಿದ್ದಾಗ ಅಡ್ಡ ನಿಲ್ಲುವುದು, ಇವಕ್ಕೆ ಖರ್ಚಿದೆ. ಖರ್ಚಿಲ್ಲದ್ದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳುವುದು ನಮಗೆಲ್ಲರಿಗೂ ಅನುಕೂಲಕರ, ಅಷ್ಟೆ.

ಆದರೆ ಈ ಪರೀಕ್ಷೆಯ ಖರ್ಚನ್ನು ಕೆಲವರು ತೆತ್ತಿದ್ದಾರೆ. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಫೈನಲ್‌ನಲ್ಲಿ ಪಾಕಿಸ್ತಾನ ಗೆದ್ದ ಬಳಿಕ, ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಗ್ರಾಮದ ಮುಸ್ಲಿಮರನ್ನು ಪಟಾಕಿ ಹಚ್ಚಿ ಸಂಭ್ರಮಿಸಿದ ಆರೋಪದಲ್ಲಿ ಬಂಧಿಸಲಾಯಿತು. ಮೊದಲು ಹೇರಿದ್ದು ರಾಜದ್ರೋಹದ ಕಲಂ, ಆಮೇಲೆ ಅದನ್ನು ಬದಲಿಸಲಾಯಿತು. 2023ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಕೂಲಿನಾಲಿ ಮಾಡಿ ಬದುಕುವವರ ಆರು ವರ್ಷಗಳನ್ನು ಯಾವ ತೀರ್ಪು ಮರಳಿಸೀತು?

ತಂಡದೊಳಗೇ ಇರುವವರಿಗೂ ಈ ಪರೀಕ್ಷೆಯಿಂದ ಬಿಡುಗಡೆಯಿಲ್ಲ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಭಾರತ 10 ವಿಕೆಟ್‌ಗಳಿಂದ ಸೋತಾಗ ಇಡೀ ತಂಡ ಸೋತಿತ್ತು. ಆದರೆ ಅಂತರ್ಜಾಲದಲ್ಲಿ ಬೈಗುಳದ ಮಳೆ ಸುರಿದದ್ದು ಮುಹಮ್ಮದ್ ಶಮಿಯವರ ಮೇಲೆ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿಯೇ ಅವರ ಬೆನ್ನಿಗೆ ನಿಂತು, ಧರ್ಮದ ಹೆಸರಿನಲ್ಲಿ ಒಬ್ಬನ ಮೇಲೆರಗುವುದನ್ನು ಖಂಡಿಸಿದರು. ಎರಡು ವರ್ಷಗಳ ಬಳಿಕ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶಮಿ 57 ರನ್‌ಗಳಿಗೆ 7 ವಿಕೆಟ್ ಕಿತ್ತಾಗ ಎಲ್ಲರೂ ಕೊಂಡಾಡಿದರು. ನಮಗೆ ಸಂತೋಷವಾಯಿತು, ನಿಜ. ಆದರೆ ಸಮಾನತೆಯೆಂದರೆ ಏಳು ವಿಕೆಟ್ ಕಿತ್ತಾಗ ಸಿಗುವ ಹೊಗಳಿಕೆಯಲ್ಲ. ಒಂದು ದಿನ ಕೆಟ್ಟದಾಗಿ ಬೌಲಿಂಗ್ ಮಾಡಿ, ಕೇವಲ ಕೆಟ್ಟ ಬೌಲರ್ ಎನಿಸಿಕೊಂಡು ಮನೆಗೆ ಹೋಗಬಲ್ಲ ಹಕ್ಕು ಅದು.

ಹಾಗಾದರೆ ನಿಷ್ಠೆ ಹುಟ್ಟುವುದು ಹೇಗೆ? ಇದಕ್ಕೆ ದಕ್ಷಿಣ ಆಫ್ರಿಕಾದ ಇತಿಹಾಸದಲ್ಲಿ ಒಂದು ಪಾಠವಿದೆ. ವರ್ಣಭೇದದ ಕಾಲದಲ್ಲಿ ಅಲ್ಲಿನ ರಗ್ಬಿ ತಂಡವಾದ ‘ಸ್ಪ್ರಿಂಗ್‌ಬಾಕ್ಸ್’ ಬಿಳಿಯರ ಅಹಂಕಾರದ ಸಂಕೇತವಾಗಿತ್ತು. ಕರಿಯರು ತಮಗೆಂದು ಬೇಲಿ ಹಾಕಿದ ಜಾಗದಲ್ಲಿ ನಿಂತು ಎದುರಾಳಿ ತಂಡಕ್ಕೆ ಜೈಕಾರ ಹಾಕುತ್ತಿದ್ದರು. ರಾಬೆನ್ ದ್ವೀಪದ ಸೆರೆಮನೆಯಲ್ಲಿದ್ದ ನೆಲ್ಸನ್ ಮಂಡೇಲಾ ಮತ್ತು ಸಂಗಾತಿಗಳು ಹಾರೈಸುತ್ತಿದ್ದದ್ದೂ ಎದುರಾಳಿಯ ಗೆಲುವನ್ನೇ. ಟೆಬಿಟ್ಟರ ಪರೀಕ್ಷೆಯಲ್ಲಿ ಮಂಡೇಲಾ ದೇಶದ್ರೋಹಿ! ಆದರೆ ಆ ದೇಶವನ್ನು ಅವರಿಗಿಂತ ಹೆಚ್ಚು ಪ್ರೀತಿಸಿದವರು ಯಾರು?

ಅಧ್ಯಕ್ಷರಾದ ಮೇಲೆ ಅದೇ ಮಂಡೇಲಾ, ಸ್ಪ್ರಿಂಗ್‌ಬಾಕ್ ಲಾಂಛನವನ್ನು ಕಿತ್ತೊಗೆಯಬೇಕೆಂಬ ತಮ್ಮವರ ಒತ್ತಾಯಕ್ಕೆ ಮಣಿಯಲಿಲ್ಲ. 1995ರ ಜೂನ್ 24ರಂದು ಜೊಹಾನ್ಸ್‌ಬರ್ಗ್‌ನ ವಿಶ್ವಕಪ್ ಫೈನಲ್‌ಗೆ ಅದೇ ಹಸಿರು ಜೆರ್ಸಿ ತೊಟ್ಟು ಬಂದರು. ತಂಡದಲ್ಲಿದ್ದ ಬಿಳಿಯನಲ್ಲದ ಏಕೈಕ ಆಟಗಾರ ಚೆಸ್ಟರ್ ವಿಲಿಯಮ್ಸ್. ನ್ಯೂಜಿಲೆಂಡನ್ನು 15-12ರಿಂದ ಮಣಿಸಿ ದಕ್ಷಿಣ ಆಫ್ರಿಕಾ ಗೆದ್ದಾಗ, ಎಂದೂ ಆ ತಂಡಕ್ಕೆ ಜೈ ಎನ್ನದವರು ಬೀದಿಗಿಳಿದು ಸಂಭ್ರಮಿಸಿದರು. ಒಂದು ಪಂದ್ಯದಿಂದ ಅಲ್ಲಿನ ಬಡತನ, ಅಸಮಾನತೆ ತೊಲಗಲಿಲ್ಲ. ಆದರೆ ಮಂಡೇಲಾ ಯಾರನ್ನೂ ಪರೀಕ್ಷಿಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಈ ಜೆರ್ಸಿ ನನ್ನದೂ ಹೌದು ಎಂದು ತಾವೇ ತೊಟ್ಟು ತೋರಿಸಿದರು, ಉಳಿದವರನ್ನು ಕರೆದರು. ನಿಷ್ಠೆ ಬರುವುದು ಕರೆದಾಗ. ತಡೆದು ನಿಲ್ಲಿಸಿ ಜೇಬು ತಪಾಸಣೆ ಮಾಡಿದಾಗಲ್ಲ.

ನಮ್ಮ ನೆಲದಲ್ಲಿ ಅಂತಹ ದೊಡ್ಡತನವಿಲ್ಲವೇ? ಇದೆ. 1999ರ ಜನವರಿ 31ರಂದು ಚೆನ್ನೈಯಲ್ಲಿ ಸಚಿನ್ ತೆಂಡೂಲ್ಕರ್ 136 ರನ್ ಗಳಿಸಿದರೂ ಭಾರತ 12 ರನ್‌ಗಳಿಂದ ಪಾಕಿಸ್ತಾನಕ್ಕೆ ಸೋತಿತು. ಕ್ಷಣಕಾಲ ಸ್ತಬ್ಧವಾದ ಚೆಪಾಕ್ ಕ್ರೀಡಾಂಗಣ, ಆಮೇಲೆ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿತು. ಆ ಸಾವಿರಾರು ಜನರ ದೇಶಪ್ರೇಮ ಅಂದು ಕುಗ್ಗಿತೇ? ನಮ್ಮ ದೃಷ್ಟಿಯಲ್ಲಿ ಭಾರತ ಎತ್ತರವಾಗಿ ಕಂಡ ದಿನಗಳಲ್ಲಿ ಅದೂ ಒಂದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಚಿನ್ನ ಪಾಕಿಸ್ತಾನದ ಅರ್ಷದ್ ನದೀಮ್‌ಗೆ, ಬೆಳ್ಳಿ ನಮ್ಮ ನೀರಜ್ ಚೋಪ್ರಾಗೆ ಸಂದಿತು. ಹರಿಯಾಣದ ಹಳ್ಳಿಯಲ್ಲಿದ್ದ ನೀರಜರ ತಾಯಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂಬರ್ಥದ ಮಾತಾಡಿದಾಗ ದೇಶವೇ ಮೆಚ್ಚಿತು. ಮರುವರ್ಷ ಬೆಂಗಳೂರಿನ ಕೂಟಕ್ಕೆ ನೀರಜ್ ನದೀಮ್‌ರನ್ನು ಆಹ್ವಾನಿಸಿದ್ದರು. ಅಷ್ಟರಲ್ಲಿ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿ ನಿರಪರಾಧಿಗಳನ್ನು ಕೊಂದರು. ಆ ಕ್ರೌರ್ಯದಿಂದ ದೇಶಕ್ಕೆ ದೇಶವೇ ನೊಂದಿತು. ಆದರೆ ಕೋಪ ತಿರುಗಿದ್ದು, ದಾಳಿಗೆ ಮೊದಲೇ ಆಹ್ವಾನ ಕಳಿಸಿದ್ದ ನೀರಜರತ್ತ, ಅವರ ತಾಯಿಯತ್ತ! ಸೇನೆಯಲ್ಲಿ ಸೇವೆ ಸಲ್ಲಿಸುವ, ದೇಶಕ್ಕೆ ಚಿನ್ನ ತಂದುಕೊಟ್ಟ ಯುವಕನೇ ತನ್ನ ನಿಷ್ಠೆಯ ಬಗ್ಗೆ ವಿವರಣೆ ಕೊಡಬೇಕಾಯಿತು. ಒಂದು ಸಮುದಾಯಕ್ಕೆಂದು ತೆರೆದ ಪರೀಕ್ಷಾ ಕೊಠಡಿ ಅಲ್ಲಿಗೇ ನಿಲ್ಲುವುದಿಲ್ಲ, ಒಂದಲ್ಲ ಒಂದು ದಿನ ಎಲ್ಲರನ್ನೂ ಒಳಕ್ಕೆ ಎಳೆಯುತ್ತದೆ.

ಆ ಹಿರಿಯರು ಈಗಿಲ್ಲ. ಅವರ ಮೇಲೆ ನಮಗೆ ಸಿಟ್ಟೂ ಇಲ್ಲ. ಆದರೆ ‘ನೀವೂ ಖುಷಿಪಟ್ಟಿರಲ್ಲ’ ಎಂಬ ಮಾತನ್ನೂ ‘ಅವನೂ ನಮ್ಮ ಹುಡುಗನೇ’ ಎಂಬ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅಚ್ಚರಿಯಾಗುತ್ತದೆ. ಎರಡರಲ್ಲೂ ಇರುವುದು ಅದೇ ದೀರ್ಘ ಸ್ವರ. ಒಂದು ಹೊಸ್ತಿಲಲ್ಲಿ ನಿಲ್ಲಿಸಿ ನೋಡುತ್ತದೆ, ಇನ್ನೊಂದು ಕೈಹಿಡಿದು ಒಳಗೆ ಕರೆಯುತ್ತದೆ. ಮುಂದಿನ ಪಂದ್ಯದ ದಿನ ಪಕ್ಕದಲ್ಲಿ ಕುಳಿತವನ ಮುಖವನ್ನು ನಾವು ನೋಡುವುದು ಬೇಡ. ಅವನ ಜೊತೆ ಕುಳಿತು ಆಟವನ್ನು ನೋಡೋಣ.