ಮೃಗಕ್ಕೆ ಯಾವ ಕರ್ಮ?

ಅಮೆರಿಕದ ಕೊಲರಾಡೊ ಪ್ರಾಂತದ ಫೋರ್ಟ್ ಕಾಲಿನ್ಸ್ ನಗರದಲ್ಲಿ, ಸಂಶೋಧನೆಗಾಗಿ ಆವರಣದೊಳಗೆ ಸಾಕಿದ್ದ ಮ್ಯೂಲ್ ಜಾತಿಯ ಜಿಂಕೆಗಳು 1967ರ ಸುಮಾರಿಗೆ ಒಂದೊಂದಾಗಿ ಸೊರಗತೊಡಗಿದುವು. ಕಿವಿ ಜೋತು, ತಲೆ ಬಾಗಿ, ಬಾಯಿಂದ ಜೊಲ್ಲು ಸೋರಿ, ತುಳಿದ ಜಾಡನ್ನೇ ಮರಳಿ ಮರಳಿ ತುಳಿಯುತ್ತ, ಪಕ್ಕೆಲುಬುಗಳನ್ನು ಎಣಿಸಬಹುದಾದಷ್ಟು ಕೃಶವಾಗಿ ಅವು ಅಸುನೀಗಿದುವು. ಮೇವಿನ ದೋಷವೋ ಸೆರೆಯ ಸಂಕಟವೋ ಎಂದು ಜನ ಶಂಕಿಸುತ್ತಿದ್ದ ಕಾಲದಲ್ಲಿ, 1978ರಲ್ಲಿ, ಎಲಿಜಬೆತ್ ವಿಲಿಯಮ್ಸ್ ಎಂಬ ಸಂಶೋಧಕಿ ಅವುಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗಿ, ಅದು ಸ್ಪಂಜಿನಂತೆ ರಂಧ್ರಮಯವಾಗಿತ್ತು.

ಈ ವ್ಯಾಧಿಗೆ ಕಾರಣ ಕ್ರಿಮಿಯಲ್ಲ. ದೇಹದ್ದೇ ಆದ ಒಂದು ಪ್ರೋಟೀನು ತನ್ನ ಸಹಜವಾದ ಮಡಿಕೆಯನ್ನು ತಪ್ಪಿ, ನೆರೆಯ ಅದೇ ಬಗೆಯ ಪ್ರೋಟೀನುಗಳನ್ನೂ ತನ್ನಂತೆಯೇ ವಿಕೃತಗೊಳಿಸುತ್ತ ಹೋಗುತ್ತದೆ. ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಇದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ಹುಲಿ ಜಿಂಕೆಯನ್ನು ಕೊಂದರೆ ಹುಲಿಯ ಹಸಿವಾದರೂ ತಣಿಯಿತೆಂದು ಸಮಾಧಾನಪಡಬಹುದು. ಪ್ರಿಯಾನಿಗೆ ಜೀವವೇ ಇಲ್ಲವಾದ್ದರಿಂದ ಹಸಿವಿಲ್ಲ, ದ್ವೇಷವಿಲ್ಲ. ಇಲ್ಲಿ ಸಾವಿನಿಂದ ಲಾಭ ಪಡೆದವರೇ ಇಲ್ಲ.

ಇಂಥ ನಿರರ್ಥಕವಾದ ನೋವನ್ನು ಕಂಡಾಗ ನಮ್ಮವರ ನಾಲಗೆಯ ತುದಿಗೆ ಮೊದಲು ಬರುವ ಮಾತು ‘ಪೂರ್ವಕರ್ಮ’. ಆ ಮಾತಿನ ಬಲವೆಷ್ಟೆಂಬುದನ್ನು ಅಳೆಯಲು ಇದೇ ಕುಲದ ಇನ್ನೆರಡು ವ್ಯಾಧಿಗಳು ಒದಗುತ್ತವೆ. ನ್ಯೂಗಿನಿಯ ಬೆಟ್ಟಗಳಲ್ಲಿ ವಾಸಿಸುವ ಫೋರೆ ಜನರು, ಮಡಿದ ಬಂಧುವಿನ ದೇಹವನ್ನು ಮಣ್ಣಿನ ಹುಳುಗಳಿಗೆ ಒಪ್ಪಿಸುವುದಕ್ಕಿಂತ ಪ್ರೀತಿಸಿದವರ ಒಡಲಲ್ಲಿ ಸೇರಿಸಿಕೊಳ್ಳುವುದೇ ಗೌರವವೆಂದು ಭಾವಿಸಿ, ಅದನ್ನು ಉಣ್ಣುತ್ತಿದ್ದರು. ಮಿದುಳು ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಪಾಲಾಗುತ್ತಿತ್ತು. ಕುರು ಎಂಬ ನಡುಕದ ವ್ಯಾಧಿಯೂ ಹೆಚ್ಚಾಗಿ ಅವರ ಪಾಲೇ ಆಯಿತು. ಬ್ರಿಟನ್ನಿನಲ್ಲಿಯಾದರೋ, ಸತ್ತ ಪಶುಗಳ ಮಾಂಸ ಮೂಳೆಗಳ ಹಿಟ್ಟನ್ನು ಹುಲ್ಲು ಮೇಯುವ ಹಸುಗಳಿಗೆ ತಿನ್ನಿಸಿದ್ದರಿಂದ ಹುಚ್ಚು ಹಸು ರೋಗ ಹಬ್ಬಿ, 1986ರಲ್ಲಿ ಪತ್ತೆಯಾಯಿತು. ಅದು ಮನುಷ್ಯರಿಗೂ ತಗಲಿದೆಯೆಂಬುದು 1996ರಲ್ಲಿ ಪ್ರಕಟವಾಯಿತು.

ಒಂದೆಡೆ ಮೃತನ ಮೇಲಿನ ಮಮತೆ, ಇನ್ನೊಂದೆಡೆ ಹಣದ ಉಳಿತಾಯ, ಮತ್ತೊಂದೆಡೆ ಪ್ರಿಯಾನ್ ಸೋಂಕಿದ ನೆಲದ ಹುಲ್ಲನ್ನು ಮೆಲ್ಲುವ ಮೃಗದ ಮುಗ್ಧಸ್ವಭಾವ; ಮೂರಕ್ಕೂ ದೊರೆತ ಫಲ ಒಂದೇ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ನೈಯಾಯಿಕನೂ ಎರಡರ ನಡುವೆ ವ್ಯಾಪ್ತಿ, ಎಂದರೆ ಎಂದೂ ತಪ್ಪದ ಸಂಬಂಧ, ಇರಬೇಕೆಂದು ಕೇಳುತ್ತಾನೆ. ನೋವಿಗೂ ದೋಷಕ್ಕೂ ಅಂಥ ವ್ಯಾಪ್ತಿ ಇಲ್ಲಿ ಕಾಣದು. ಕರ್ಮವು ಅದೃಷ್ಟ, ಎಂದರೆ ಕಣ್ಣಿಗೆ ಕಾಣದ್ದು, ಜನ್ಮಾಂತರದ್ದು, ಆದುದರಿಂದ ಅದನ್ನು ಅಲ್ಲಗಳೆಯಲಾಗದು ಎಂದು ಆಸ್ತಿಕನು ಆಕ್ಷೇಪಿಸಿಯಾನು. ಒಪ್ಪೋಣ, ಆದರೆ ಕಾಣದುದನ್ನು ಅಲ್ಲಗಳೆಯಲಾಗದಂತೆಯೇ, ಕಾಣದುದನ್ನು ಸಾಕ್ಷಿಯಾಗಿ ನಿಲ್ಲಿಸಿ ನೊಂದವನ ಮೇಲೆ ತೀರ್ಪು ಕೊಡಲೂ ಆಗದು. ಫೋರೆ ಜನರು ಕುರುವಿಗೆ ಮಾಟವೇ ಕಾರಣವೆಂದು ಮಾಟಗಾರರನ್ನು ಹುಡುಕಿದರು. ವ್ಯಾಧಿ ಅದರಿಂದ ಶಮನವಾಗಲಿಲ್ಲ. ಆ ಊಟ ನಿಂತಿತು, ತರುವಾಯ ಹುಟ್ಟಿದ ಮಕ್ಕಳು ಉಳಿದರು.

ಹಾಗಾದರೆ ಕರ್ಮವಿಚಾರ ವ್ಯರ್ಥವೆ? ಕೃತಿಯಲ್ಲಿ ನಡೆಯುವ ದ್ರವ್ಯಹಿಂಸೆಯನ್ನೂ ಮಾಡುವವನ ಮನಸ್ಸಿನಲ್ಲಿರುವ ಭಾವಹಿಂಸೆಯನ್ನೂ ಬೇರ್ಪಡಿಸಿದ ಜೈನಾಚಾರ್ಯರು ಅದರ ಸರಿಯಾದ ಸ್ಥಾನವನ್ನು ತೋರಿಸಿದ್ದಾರೆ: ಅದು ಮಾಡುವವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ ಒದಗುವ ವಿಚಾರ. ಇದಕ್ಕೊಂದು ನಿದರ್ಶನವನ್ನು ನೋಡಿ. 2016ರಲ್ಲಿ ನಾರ್ವೆಯ ನೂರ್‌ಫಿಯೆಲ್ಲ ಪ್ರದೇಶದ ಕಾಡುಹಿಮಸಾರಂಗವೊಂದರಲ್ಲಿ ಮೊದಲು ಹೇಳಿದ ಜಿಂಕೆಗಳ ವ್ಯಾಧಿ ಕಾಣಿಸಲು, ಅಲ್ಲಿಯ ಸರ್ಕಾರ 2018ರೊಳಗೆ ಆ ಹಿಂಡನ್ನೇ, ಎರಡು ಸಾವಿರಕ್ಕೂ ಹೆಚ್ಚು ಮೃಗಗಳನ್ನು, ಗುಂಡಿಕ್ಕಿ ನಿರ್ಮೂಲಗೊಳಿಸಿತು. ಅವುಗಳಲ್ಲಿ ರೋಗ ದೃಢಪಟ್ಟವು ಕೇವಲ 19. ಉಳಿದ ಹಿಂಡುಗಳನ್ನು ಕಾಯಲು ಬೇರೆ ದಾರಿ ಕಾಣದೆ ಹಾಗೆ ಮಾಡಿದ್ದು ಕರ್ತವ್ಯವೇ ಆಗಿರಬಹುದು. ಆದರೆ ತಾನೇನು ಮಾಡುತ್ತಿರುವೆನೆಂಬುದು ಪ್ರಿಯಾನಿಗೆ ಗೊತ್ತಿರಲಿಲ್ಲ, ಮೃಗಕ್ಕೆ ಗೊತ್ತಿರಲಿಲ್ಲ. ಬಂದೂಕು ಹಿಡಿದವನಿಗೆ ಗೊತ್ತಿತ್ತು. ಸತ್ತ ಮೃಗಗಳ ಪ್ರಾರಬ್ಧವೆಂದು ಹೇಳಿ ಅವನು ಕೈತೊಳೆದುಕೊಳ್ಳುವಂತಿಲ್ಲ; ಅನಿವಾರ್ಯವಾದ ಹಿಂಸೆಯೂ ಹಿಂಸೆಯೇ, ಅದರ ಭಾರ ತಿಳಿದು ಮಾಡಿದವನದೇ.