ಹಳೆಯ ರೀಡಿನ ಬೆಲೆ

ನಮ್ಮೂರಿನಲ್ಲಿ ಹಾರ್ಮೋನಿಯಂ ದುರಸ್ತಿ ಮಾಡುವ ಹಿರಿಯರೊಬ್ಬರಿದ್ದಾರೆ. ಕಳೆದ ವರ್ಷ ನಾನು ಅವರ ಅಂಗಡಿಯಲ್ಲಿ ಕುಳಿತಿದ್ದಾಗ ಒಬ್ಬ ತರುಣ ಬಟ್ಟೆಯಲ್ಲಿ ಸುತ್ತಿದ ರೀಡುಗಳ ಗಂಟು ತಂದ. ಇಂಟರ್ನೆಟ್ಟಿನಲ್ಲಿ ಕೊಂಡದ್ದು. 'ಅಪ್ಪಟ ಜರ್ಮನ್, ನೂರು ವರ್ಷ ಹಳೆಯದು' ಎಂದು ಮಾರಿದವನು ಬರೆದಿದ್ದನಂತೆ. ಕೊಟ್ಟ ಹಣಕ್ಕೆ ಹೊಸ ಹಾರ್ಮೋನಿಯಂ ಒಂದು ಬರುತ್ತಿತ್ತು. ಹಿರಿಯರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ತರುಣ ಅವರ ಮುಖ ನೋಡುತ್ತಿದ್ದ, ನಾನು ತರುಣನ ಮುಖ.

"ಎಷ್ಟು ಕೊಟ್ಟೆ?" ಎಂದು ಅವರು ಕೇಳಲಿಲ್ಲ. "ವಾಪಸ್ ಕಳಿಸಲು ಇನ್ನೂ ಸಮಯ ಇದೆಯಾ?" ಎಂದರು. ಇರಲಿಲ್ಲ.

ರೀಡು ಎಂದರೆ ಹಿತ್ತಾಳೆಯ ಪಟ್ಟಿಗೆ ಒಂದು ತುದಿಯಲ್ಲಿ ಬಿಗಿದ ತೆಳು ನಾಲಿಗೆ. ಗಾಳಿ ಹಾಯ್ದರೆ ಕಂಪಿಸಿ ನುಡಿಯುತ್ತದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೀಗೆ ಶ್ರುತಿ ಮಾಡಿದಾಗಲೆಲ್ಲ ಅದರ ಮೈಯಿಂದ ಒಂದಿಷ್ಟು ಲೋಹ ಹೋಗುತ್ತದೆ. ಹಳೆಯ ಹಿತ್ತಾಳೆ ದಣಿಯುತ್ತದೆ ಕೂಡ. ಬುಡದ ರಿವೆಟ್ಟಿನ ಪಕ್ಕ ಕೂದಲೆಳೆಯಂಥ ಬಿರುಕು ಬಿಟ್ಟರೆ ಅದು ಫೋಟೋದಲ್ಲಿ ಕಾಣದು. ಗುಜರಾತಿನ ಪಾಲಿತಾಣಾದಲ್ಲಿ ಒಳ್ಳೆಯ ರೀಡುಗಳನ್ನೇ ಮಾಡುತ್ತಾರೆ. ಆದರೆ ಪಾಲಿತಾಣಾ ಎಂದು ಬರೆದರೆ ಒಂದು ಬೆಲೆ, ಜರ್ಮನಿ ಎಂದು ಬರೆದರೆ ಇನ್ನೊಂದು. ನಗು ಬರುವ ಸಂಗತಿಯೆಂದರೆ, ಪರದೇಶಿ ವಾದ್ಯ, ನಮ್ಮ ಸಂಗೀತಕ್ಕೆ ಒಗ್ಗದು ಎಂದು ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಇಂದು ಆ ಪರದೇಶಿತನಕ್ಕೇ ಬೆಲೆ.

ಅಮೆರಿಕದ ಗಿಟಾರ್ ಲೋಕದಲ್ಲಿ ಈ ವ್ಯಾಪಾರ ಇನ್ನೂ ದೊಡ್ಡದು. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ತಂತ್ರಜ್ಞ 1955ರಲ್ಲಿ ಹೊಸ ಬಗೆಯ ಪಿಕಪ್‌ಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. 1959ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ 'ಪೇಟೆಂಟ್ ಅಪ್ಲೈಡ್ ಫಾರ್' ಎಂಬ ಪುಟ್ಟ ಕಪ್ಪು ಚೀಟಿ ಇನ್ನೂ ಕೆಲವು ವರ್ಷ ಅದರ ಬೆನ್ನಿಗೆ ಅಂಟಿಕೊಂಡೇ ಇತ್ತು. ಆಮೇಲೆ ಬಂದ ಚೀಟಿಯಲ್ಲಿದ್ದದ್ದು ಈ ಪಿಕಪ್‌ನ ಪೇಟೆಂಟ್ ಸಂಖ್ಯೆಯಲ್ಲ, ಗಿಟಾರಿನ ಬೇರೊಂದು ಭಾಗದ್ದು! ತಂತಿ ಸುತ್ತುವುದೂ ಒಂದೇ ಲೆಕ್ಕದಲ್ಲಿ ಇರಲಿಲ್ಲವಾದ್ದರಿಂದ ಒಂದರಂತೆ ಇನ್ನೊಂದು ನುಡಿಯದು. ಆ ಮೊದಲ ಚೀಟಿ ಇರುವ ಒಂದು ಪಿಕಪ್‌ಗೆ ಇಂದು ಸಾವಿರಾರು ಡಾಲರ್. ನಕಲಿ ಚೀಟಿಯೂ ಮಾರಾಟಕ್ಕಿದೆ. ಬಿಡಿಭಾಗಕ್ಕೆ ಇಷ್ಟು ಬೆಲೆ ಬಂದ ಮೇಲೆ ಇಡೀ ವಾದ್ಯವನ್ನು ಬಿಚ್ಚಿ ಮಾರುವವರೂ ಹುಟ್ಟಿಕೊಂಡರು. ನುಡಿಯುತ್ತಿದ್ದುದನ್ನು ಮೂಕವಾಗಿಸಿ ಹಣ ಮಾಡುವುದು ನನಗಂತೂ ಸಹಿಸಲಾಗದು.

ಹಾಗೆಂದು ಹೆಚ್ಚು ಬೆಲೆ ಕೇಳುವುದೇ ಪಾಪ ಎನ್ನಲಾರೆ. ತಂದೆ ನುಡಿಸುತ್ತಿದ್ದ ಪೆಟ್ಟಿಗೆಯ ರೀಡು ಎಂದು ಗೊತ್ತಿದ್ದರೆ ನಾನೂ ಹತ್ತುಪಟ್ಟು ಕೊಟ್ಟೇನು. ಆ ಹಣ ನನ್ನ ನೆನಪಿನದು, ಅದಕ್ಕೆ ಮಾರುವವನನ್ನು ದೂರುವಂತಿಲ್ಲ. ನನ್ನ ತಕರಾರು ಇನ್ನೊಂದು ಬಗೆಯವನ ಮೇಲೆ. 'ಇದ್ದ ಹಾಗೆ ಮಾರುತ್ತಿದ್ದೇನೆ, ನನಗೇನೂ ಗೊತ್ತಿಲ್ಲ, ನೀವೇ ಪರೀಕ್ಷಿಸಿ' ಎಂದು ಬರೆಯುತ್ತಾನೆ. ಗೊತ್ತಿಲ್ಲದವನು ಗೊತ್ತಿಲ್ಲದ ವಸ್ತುವಿನ ಬೆಲೆ ಕೇಳಬೇಕಲ್ಲವೇ? ಇವನ ಮಾತು ಅಜ್ಞಾನಿಯದು, ಬೆಲೆ ಮಾತ್ರ ಸರ್ವಜ್ಞನದು. ಸುಳ್ಳು ಹೇಳದೆಯೇ ಸುಳ್ಳಿನ ಲಾಭ ಪಡೆಯುವ ದಾರಿ ಇದು.

ಹಿರಿಯರು ತರುಣನಿಗೆ ಎಲ್ಲವನ್ನೂ ಹೇಳಿದರು. ಇವು ಜರ್ಮನಿಯವಲ್ಲ, ಆರರಲ್ಲಿ ಬಿರುಕಿದೆ, ಉಳಿದವು ನಡೆಯುತ್ತವೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಾಗಾದರೆ ನಾನೂ ಅವನು ಬರೆದ ಹಾಗೇ ಬರೆದು ಮಾರಿಬಿಡಲಾ?"

ಅಲ್ಲಿಯವರೆಗೆ ಅವನು ಕೇವಲ ಮೋಸ ಹೋದವನು. ಸತ್ಯ ಕೇಳಿದ ಕ್ಷಣದಿಂದ ಮೋಸ ಮಾಡಬಲ್ಲವನೂ ಆದ. ಗೊತ್ತಿಲ್ಲದೆ ಅದೇ ಮಾತು ಬರೆದಿದ್ದರೆ ತಪ್ಪು ಮಾಹಿತಿಯಾಗುತ್ತಿತ್ತು, ಈಗ ಬರೆದರೆ ಸುಳ್ಳು. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗನ ಹಣವೂ ಮನಸ್ಸೂ ಉಳಿಯುತ್ತಿತ್ತಲ್ಲ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಆದರೆ ಆಗ ಆ ಗಂಟು ಮುಂದಿನ ಮನೆಗೆ ಹೋಗುವುದು ಹಿರಿಯರ ಮೌನದ ಖಾತರಿಯೊಂದಿಗೆ.

ಹಿರಿಯರು ಉತ್ತರಿಸಲಿಲ್ಲ. ಚೀಟಿಯೊಂದರಲ್ಲಿ ಯಾವ ರೀಡು ಹೇಗಿದೆ ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಿ, ಗಂಟಿನೊಳಗೇ ಇಟ್ಟು ಕಟ್ಟಿದರು. ಹುಡುಗ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ನೋಡಿದ್ದಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ.